ಸೋಮವಾರದ ಮೂಗು

ಮೊನ್ನೆ ಮಾದನಾಯಕನಹಳ್ಳಿಯಲ್ಲಿ ಒಬ್ಬ ಹಣ್ಣಿನ ಗಾಡಿಯವನ ಮೇಲೆ ಸುಮ್ಮಸುಮ್ಮನೆ ರೇಗಿಬಿಟ್ಟೆ. ಪಾಪ, ಅವನ ತಪ್ಪೇನೂ ಇರಲಿಲ್ಲ. ಬಸ್ಸು ಇಳಿದು ಮನೆ ಕಡೆ ಬರ್ತಿದ್ದೆ. ಗಾಡಿ ತುಂಬ ಅನಾನಸ್, ದಿನವೆಲ್ಲ ಬಿಸಿಲಿಗೆ ಬೆಂದು ಅರ್ಧ ಹುಳಿ ಹಿಡಿದಿತ್ತು. ಅವನು ಒಂದು ಹಣ್ಣನ್ನ ನನ್ನ ಮುಖದ ಹತ್ತಿರವೇ ತಂದು, "ಸಕ್ಕತ್ ಸ್ವೀಟ್ ಅಕ್ಕ, ಬೇಕಾದ್ರೆ ಮೂಸ್ ನೋಡಿ" ಅಂದ. "ಮೂಸೋದು ಗೀಸೋದು ನನ್ನ ಹತ್ರ ಹೇಳ್ಬೇಡ, ಆ ಕಡೆ ತಗಿ" ಅಂತ ಬೀದಿಯೆಲ್ಲ ತಿರುಗಿ ನೋಡೋ ಹಾಗೆ ಅಂದುಬಿಟ್ಟೆ. ಅವನು ಪೆಚ್ಚಾಗಿ ಹಣ್ಣನ್ನ ವಾಪಸ್ ಇಟ್ಟ. ಪಕ್ಕದಲ್ಲಿ ಸೊಪ್ಪು ಆರಿಸ್ತಿದ್ದ ಹೆಂಗಸು ನನ್ನನ್ನ ಮೇಲಿಂದ ಕೆಳಗೆ ನೋಡಿದಳು. ಮನೆಗೆ ಬಂದು ಕೈಕಾಲು ತೊಳೆದು ಕೂತರೂ ಆ ವಾಸನೆ ಮೂಗು ಬಿಟ್ಟು ಹೋಗಲಿಲ್ಲ.

ಊರಿಗೆಲ್ಲ ಅದು ಹಣ್ಣಿನ ವಾಸನೆ. ನನಗೆ ಅದು ಬಸವರಾಜ ಅನ್ನೋ ಒಬ್ಬ ಮನುಷ್ಯನ ಬಾಯಿಯ ವಾಸನೆ. ಅದನ್ನ ಮೂಸಿ, ಅರ್ಥ ಮಾಡಿಕೊಳ್ಳದೆ, ಒಂದು ಕಾಗದದ ಮೇಲೆ ಸಹಿ ಹಾಕಿದವಳು ನಾನು.

ಮೂರು ವರ್ಷದ ಹಿಂದಿನ ಬೇಸಿಗೆ. ಪೀಣ್ಯದಲ್ಲಿ ತಗಡು ಒತ್ತಿ ಗಾಡಿಗಳ ಬಿಡಿಭಾಗ ಮಾಡೋ ಒಂದು ಫ್ಯಾಕ್ಟರಿ, ಅದರ ಫಸ್ಟ್ ಏಡ್ ರೂಮಿಗೆ ನಾನೇ ಸಿಸ್ಟರು. ರೂಮು ಅಂದ್ರೆ ಒಂದು ಮಂಚ, ಒಂದು ಬೀರು, ತಿರುಗಿದರೆ ತಿರುಗಿತು ಅನ್ನೋ ಒಂದು ಫ್ಯಾನು. ಡಾಕ್ಟ್ರು ಗುರುವಾರ, ಶನಿವಾರ ಬಂದು ಒಂದೊಂದು ಗಂಟೆ ಕೂತು ಹೋಗೋರು. ಉಳಿದ ಹೊತ್ತಲ್ಲಿ ಕೊಯ್ದ ಬೆರಳು, ಕಣ್ಣಿಗೆ ಬಿದ್ದ ಲೋಹದ ಪುಡಿ, ತಲೆನೋವು, ಗ್ಯಾಸು, ಎಲ್ಲಕ್ಕೂ ನಾನೇ ಗತಿ. ಜನ ಒಳ್ಳೆಯವರು. ಅರ್ಧಕ್ಕರ್ಧ ಯಾದಗಿರಿ, ರಾಯಚೂರು ಕಡೆಯ ಕಾಂಟ್ರಾಕ್ಟ್ ಹುಡುಗರು. ಕೈ ಕೊಯ್ದುಕೊಂಡು ಬಂದರೂ ಬಾಗಿಲಲ್ಲಿ ನಿಂತು "ಒಳಗ ಬರ್ಲೇನ್ರಿ ಸಿಸ್ಟರ್" ಅಂತ ಕೇಳೋರು.

ಆ ಪ್ರೆಸ್ ಶಾಪು ಇತ್ತಲ್ಲ, ಮೇಲೆ ತಗಡು, ಕೆಳಗೆ ತಗಡು. ಮಾರ್ಚಿ ಬಂತು ಅಂದ್ರೆ ಒಳಗೆ ನಿಲ್ಲೋಕಾಗ್ತಿರಲಿಲ್ಲ. ಅದಕ್ಕೆ ಕಂಪನಿಯವರು ಒಂದು ದೊಡ್ಡ ಉಪಕಾರ ಮಾಡೋರು. ಶಾಪಿನ ಬಾಗಿಲಲ್ಲಿ ಒಂದು ನೀಲಿ ಡ್ರಮ್ಮು, ಅದರ ತುಂಬ ಕಿತ್ತಳೆ ಬಣ್ಣದ ಗ್ಲೂಕೋಸ್ ನೀರು. ಎಷ್ಟು ಬೇಕಾದ್ರೂ ಕುಡೀಬಹುದು. ಡ್ರಮ್ಮಿನ ಪಕ್ಕ ಸಾಹೇಬರು ಲೋಟ ಹಿಡಿದು ನಿಂತ ಫೋಟೋ ನೋಟಿಸ್ ಬೋರ್ಡಲ್ಲಿ ಮಳೆಗಾಲದವರೆಗೂ ಇರ್ತಿತ್ತು. ಫ್ಯಾನು ಹಾಕಿಸಿ ಅಂದ್ರೆ ಆಗ್ತಿರಲಿಲ್ಲ, ಗ್ಲೂಕೋಸು ಮಾತ್ರ ಧಾರಾಳ. ಬೆಳಿಗ್ಗೆ ಬಂದ ತಕ್ಷಣ ಆ ಪುಡಿ ಕಲಸೋ ಕೆಲಸ ನಂದು.

ಬಸವರಾಜ ನನ್ನ ಕಣ್ಣಿಗೆ ಬಿದ್ದಿದ್ದೇ ಆ ಡ್ರಮ್ಮಿನಿಂದ, ಯಾವಾಗ ನೋಡಿದರೂ ಲೋಟ ಹಿಡಿದು ಅದರ ಹತ್ರವೇ ಇರ್ತಿದ್ದ. ಯಾದಗಿರಿ ಕಡೆಯ ಒಂದು ಹಳ್ಳಿಯವನು, ಇನ್ನೂ ಮೂವತ್ತು ದಾಟಿರಲಿಲ್ಲ. ಹಣೆ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ಮಾತು ಕಮ್ಮಿ. ಅವನ ಲೈನಿನ ಸೂಪರ್‌ವೈಸರು ಒಂದು ದಿನ ಅವನನ್ನ ನನ್ನ ಹತ್ರ ಕಳಿಸಿದ. ಕಾಯಿಲೆ ಅಂತ ಕಳಿಸಿದ್ದಲ್ಲ, ದೂರು ಹೇಳಿ ಕಳಿಸಿದ್ದು. ನಮ್ಮಲ್ಲಿ ಪಾಯಿಖಾನೆಗೆ ಹೋಗಬೇಕಾದ್ರೆ ಲೈನಿಗೆ ಒಂದೇ ಟೋಕನ್ನು, ಅದನ್ನ ಕೈಲಿ ಹಿಡ್ಕೊಂಡು ಹೋಗಿ ವಾಪಸ್ ತಂದು ಮೊಳೆಗೆ ತಗಲಿಸಬೇಕು. ಬಸವರಾಜ ಆ ಟೋಕನ್ನನ್ನ ಮೊಳೆಗೆ ತಗಲಿಸೋಕೇ ಬಿಡ್ತಿಲ್ಲ, ಬೇರೆಯವರಿಗೆ ಸಿಕ್ತಿಲ್ಲ ಅಂತ ಗಲಾಟೆ.

"ಏನಪ್ಪಾ, ಏನ್ ತೊಂದ್ರೆ?" ಅಂದೆ.

"ನೀರಡಿಕಿ ಭಾಳ ಆಗ್ಲಾಕತ್ತದ ರೀ. ಕುಡಿದಷ್ಟೂ ಹೋಗ್ತದ. ಕಾಲಾಗ ಶಕ್ತೀನೇ ಇಲ್ಲ."

ಬೇಸಿಗೆ, ಬೆವರು, ಪ್ರೆಸ್ ಶಾಪು. ನನಗೆ ಅನುಮಾನವೇ ಬರಲಿಲ್ಲ. "ಮೈಯಲ್ಲಿ ನೀರಿಲ್ಲ ಕಣೋ ನಿಂಗೆ. ಆ ಗ್ಲೂಕೋಸ್ ನೀರನ್ನ ಇನ್ನೂ ಜಾಸ್ತಿ ಕುಡಿ. ಸಂಜೆ ಹೋಗ್ತಾ ಕಬ್ಬಿನ ಹಾಲು ಕುಡ್ಕೊಂಡು ಹೋಗು" ಅಂತ ಹೇಳಿ, ಎರಡು ಪೊಟ್ಟಣ ಪುಡೀನೂ ಕೊಟ್ಟು ಕಳಿಸಿದೆ. ತಲೆ ಬಗ್ಗಿಸಿ "ಹೂಂ ರೀ" ಅಂದ. ಹೇಳಿದ್ದನ್ನ ಚಾಚೂ ತಪ್ಪದೆ ಮಾಡಿದ, ಅದೇ ನನ್ನ ಕರ್ಮ. ಇವತ್ತು ಅದನ್ನ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡ್ಕೊಳ್ಳೋಣ ಅನ್ಸುತ್ತೆ. ನೀರಡಿಕೆ, ಪದೇ ಪದೇ ಮೂತ್ರ, ಸುಸ್ತು, ಬೆಲ್ಟಿಗೆ ಹೊಸದಾಗಿ ಚುಚ್ಚಿಸಿದ ತೂತು. ನರ್ಸಿಂಗ್ ಓದೋ ಮೊದಲ ವರ್ಷದ ಹುಡುಗಿ ಕೂಡ ಹೇಳ್ತಾಳೆ, ಒಂದು ಹನಿ ರಕ್ತ ತೆಗೆದು ಶುಗರ್ ನೋಡು ಅಂತ.

ನೋಡೋ ಮಿಷನ್ನು ಬೀರುವಿನಲ್ಲಿತ್ತು. ರಕ್ತ ಹಾಕೋ ಪಟ್ಟಿಗಳ ಅವಧಿ ಮುಗಿದು ಎಷ್ಟೋ ಕಾಲವಾಗಿತ್ತು. ಹೊಸದು ತರಿಸಿ ಅಂತ ನಾನು ಚೀಟಿ ಬರೆದುಕೊಟ್ಟಿದ್ದೆ, ಒಂದಲ್ಲ ಮೂರು ಸಲ. ಎಚ್‌ಆರ್‌ನ ಪ್ರದೀಪ್ ಅನ್ನೋನು, ಯಾವಾಗಲೂ ಇಸ್ತ್ರಿ ಅಂಗಿ, ಯಾವಾಗಲೂ ಅವಸರ, ಚೀಟಿ ನೋಡಿ ನಕ್ಕಿದ್ದ. "ಸಿಸ್ಟರ್, ಶಾಪಲ್ಲಿರೋರೆಲ್ಲ ಯಂಗ್ ಬಾಯ್ಸು. ಕಲ್ಲು ತಿಂದು ಕಲ್ಲು ಅರಗಿಸ್ಕೊಳ್ಳೋ ವಯಸ್ಸು. ಶುಗರ್ ಎಲ್ಲ ನಮ್ಮಂಥ ಎಸಿ ರೂಮಲ್ಲಿ ಕೂರೋರಿಗೆ ಬರೋದು." ನಾನೂ ನಕ್ಕು ಸುಮ್ಮನಾಗಿದ್ದೆ. ಆ ನಗು ಈಗಲೂ ಉರಿಯುತ್ತೆ.

ಇನ್ನು ಸೋಮವಾರದ ವಿಷಯ ಹೇಳಬೇಕು. ಭಾನುವಾರ ರಜ, ಹುಡುಗರಲ್ಲಿ ಕೆಲವರು ಕುಡೀತಾರೆ. ಅಮಲಿನಲ್ಲಿ ಪ್ರೆಸ್ ಮುಂದೆ ನಿಂತರೆ ಕೈಯೇ ಹೋಗುತ್ತೆ, ಆದ್ದರಿಂದ ಗೇಟಿನಲ್ಲಿ ನೋಡಬೇಕು ಅನ್ನೋದು ನ್ಯಾಯವೇ. ಅದಕ್ಕೆ ಊದಿಸಿ ನೋಡೋ ಒಂದು ಮಿಷನ್ನಿತ್ತು. ಅದು ಕೆಟ್ಟು ರಿಪೇರಿಗೆ ಹೋದದ್ದು ವಾಪಸ್ ಬರಲೇ ಇಲ್ಲ. ಅದರ ಜಾಗಕ್ಕೆ ಸೆಕ್ಯುರಿಟಿ ನಂಜಪ್ಪನ ಮೂಗು ಬಂತು. ಸೋಮವಾರ ಬೆಳಿಗ್ಗೆ ಆರಕ್ಕೆ ಇನ್ನೂರು ಜನ ಗಂಡಸರು ಸಾಲಾಗಿ ನಿಂತು, ಒಬ್ಬೊಬ್ಬರಾಗಿ ನಂಜಪ್ಪನ ಮುಖಕ್ಕೆ "ಹಾ" ಅಂತ ಉಸಿರು ಬಿಟ್ಟು ಒಳಗೆ ಹೋಗಬೇಕು. ನಂಜಪ್ಪ ಮಾಗಡಿ ಕಡೆಯವನು, ಅರವತ್ತರ ಹತ್ತಿರ, ಕೆಟ್ಟವನಲ್ಲ. ಆದ್ರೆ ತನ್ನ ಮೂಗಿನ ಮೇಲೆ ಅವನಿಗೆ ಇನ್ನಿಲ್ಲದ ಅಭಿಮಾನ. "ಇಂಗೆ ಒಂದ್ಸಲ ಉಸುರು ಬುಟ್ರೆ ಸಾಕು ಸಿಸ್ಟರಮ್ಮ, ಯಾವ ಅಂಗಡೀದು ಅಂತ್ಲೂ ಯೋಳ್ತೀನಿ" ಅನ್ನೋನು. ಎಲ್ಲರೂ ನಗೋರು. ಅನುಮಾನ ಬಂದವನನ್ನ ನನ್ನ ಹತ್ರ ಕಳಿಸೋರು, ನಾನೂ ಮೂಸಿ ಒಂದು ಫಾರಂ ತುಂಬಬೇಕು. "ಬಾಯಿಂದ ಮದ್ಯದ ವಾಸನೆ: ಇದೆ, ಇಲ್ಲ." ಒಂದಕ್ಕೆ ಗುರುತು ಹಾಕಿ ಸಹಿ. "ಇದೆ" ಅಂದ್ರೆ ಅವತ್ತು ಮನೆಗೆ. ಎರಡು ಸಲ "ಇದೆ" ಆದ್ರೆ ಕಾಂಟ್ರಾಕ್ಟರ್ ಪಟ್ಟಿಯಿಂದ ಹೆಸರು ಹೊರಕ್ಕೆ. ಇದೆಂಥ ಪದ್ಧತಿ ಅಂತ ನಮಗೆ ಯಾರಿಗೂ ಅನ್ನಿಸಿರಲಿಲ್ಲ. ದನದ ಸಂತೆಯಲ್ಲಿ ಹಲ್ಲು ಎಣಿಸೋ ಹಾಗೆ ಮನುಷ್ಯರ ಬಾಯಿ ಮೂಸ್ತಿದ್ವಿ.

ಏಪ್ರಿಲ್‌ನ ಒಂದು ಸೋಮವಾರ ಬಸವರಾಜನನ್ನ ಕರ್ಕೊಂಡು ನಂಜಪ್ಪ ಬಂದ. ಜೊತೆಗೆ ತಮಾಷೆ ನೋಡೋಕೆ ನಾಲ್ಕು ಜನ.

"ಈವಯ್ಯನ್ನ ನೋಡಿ ಸಿಸ್ಟರಮ್ಮ. ಈಬೂತಿ ಬಳ್ಕೊಂಡು ಬಂದವ್ನೆ, ಬಾಯಲ್ಲಿ ಉಳಿ ಉಳಿ ಈಚ್ಲೆಂಡ."

"ನಾ ಕುಡದಿಲ್ರೀ ಸಿಸ್ಟರ್" ಅಂದ ಬಸವರಾಜ. "ಲಿಂಗ ಕಟ್ಟಿದಾಂವ ಇದ್ದೀನ್ರಿ. ನಮ್ಮ ಮನ್ಯಾಗ ಯಾರೂ ಮುಟ್ಟಂಗಿಲ್ಲ."

"ಎಲ್ಲ ಹಂಗೇ ಅಂತಾರೆ ಗುರು. ಯಾವ ಬ್ರಾಂಡು ಹೇಳು" ಅಂದ ಹಿಂದಿನಿಂದ ಒಬ್ಬ. ನಕ್ಕರು.

ನಾನು ಹತ್ತಿರ ಹೋದೆ. ಅವನು ಉಸಿರು ಬಿಟ್ಟ. ವಾಸನೆ ಇತ್ತು, ಸುಳ್ಳಲ್ಲ. ಕೊಳೆತ ಅನಾನಸ್ಸಿನಂಥ, ಉಗುರಿನ ಬಣ್ಣ ಅಳಿಸೋ ದ್ರಾವಣದಂಥ ಒಂದು ಸಿಹಿ ಹುಳಿ ವಾಸನೆ. ಹೆಂಡದ ವಾಸನೆ ಹಾಗಿರಲ್ಲ ಅಂತ ಒಂದು ಕ್ಷಣ ಅನ್ನಿಸಿತು, ನಿಜ ಹೇಳ್ತೀನಿ. ಆದ್ರೆ ಯಾವುದೋ ಅಗ್ಗದ ಸರಕು ಇರಬೇಕು ಅಂದುಕೊಂಡೆ. ಅವತ್ತು ಆಡಿಟ್ಟಿನವರು ಬರೋರಿದ್ದರು, ಡ್ರಮ್ಮಿಗೆ ಇನ್ನೂ ಪುಡಿ ಕಲಸಿರಲಿಲ್ಲ, ಬಾಗಿಲಲ್ಲಿ ನಾಲ್ಕು ಜನ ನಗ್ತಾ ನಿಂತಿದ್ದರು. "ಇದೆ" ಅನ್ನೋದಕ್ಕೆ ಗುರುತು ಹಾಕಿ ಸಹಿ ಹಾಕಿದೆ.

ಬಸವರಾಜ ಆ ಕಾಗದವನ್ನೇ ನೋಡ್ತಾ ನಿಂತಿದ್ದ. "ನಾ ಕುಡದಿಲ್ರೀ" ಅಂತ ಇನ್ನೊಂದು ಸಲ ಅಂದ, ಬರೀ ನನಗೆ ಕೇಳೋ ಹಾಗೆ. ನಾನು ಮುಂದಿನ ಕೆಲಸಕ್ಕೆ ತಿರುಗಿದೆ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅಂತಾರಂತೆ. ಈ ಮನುಷ್ಯ ಮರದ ಹತ್ತಿರಕ್ಕೂ ಹೋಗಿರಲಿಲ್ಲ. ಕುಡಿದದ್ದು ನಾನು ಕಲಸಿದ ಗ್ಲೂಕೋಸ್ ನೀರು.

ಆ ವಾರವೆಲ್ಲ ಅವನಿಗೆ ಶಾಪಿನಲ್ಲಿ "ಬ್ರಾಂಡು" ಅಂತಲೇ ಹೆಸರು. ಕ್ಯಾಂಟೀನಲ್ಲಿ ಒಬ್ಬನೇ ಕೂರ್ತಿದ್ದ. ಊಟದ ತಟ್ಟೆ ಹಾಗೇ ಇಡ್ತಿದ್ದ, ನೀರು ಮಾತ್ರ ಲೋಟದ ಮೇಲೆ ಲೋಟ. ನಾನು ನೋಡಿದೆ. ಅವಮಾನಕ್ಕೆ ಊಟ ಸೇರ್ತಿಲ್ಲ ಅಂದುಕೊಂಡೆ. ಎಲ್ಲದಕ್ಕೂ ನನ್ನ ಹತ್ರ ಒಂದೊಂದು ಉತ್ತರ ಇತ್ತು, ಒಂದೂ ಸರಿಯಾದದ್ದಲ್ಲ.

ಮುಂದಿನ ಸೋಮವಾರ ನನ್ನ ಹತ್ರ ಯಾರನ್ನೂ ಕಳಿಸಲಿಲ್ಲ. ಈ ವಾರ ಯಾರೂ ಕುಡಿದಿಲ್ಲ, ಪುಣ್ಯ ಅಂದುಕೊಂಡು ಡ್ರಮ್ಮು ತುಂಬಿಸಿ, ರೂಮು ಒರೆಸಿ, ಒಂಬತ್ತರ ಹೊತ್ತಿಗೆ ಹತ್ತಿಯ ಪಾರ್ಸಲ್ ಬಂದಿದೆ ಅಂತ ಗೇಟಿಗೆ ಹೋದೆ. ಗೇಟಿನ ಆಚೆ ಒಬ್ಬ ಹೆಂಗಸು ಕಬ್ಬಿಣದ ಸರಳು ಹಿಡ್ಕೊಂಡು ನಿಂತಿದ್ದಳು. ಇಳಕಲ್ ಸೀರೆ, ಅದರ ಮೇಲೆ ಯಾವುದೋ ಪ್ಯಾಕಿಂಗ್ ಕಂಪನಿಯ ಕೋಟು, ಕಾಲಲ್ಲಿ ಒಂದೇ ಚಪ್ಪಲಿ.

"ಪಾಸ್ ಇಲ್ದೆ ಬುಡಂಗಿಲ್ಲ ಕಣಮ್ಮ, ಎಷ್ಟ್ ಸಲ ಯೋಳ್ಳಿ" ಅಂತಿದ್ದ ನಂಜಪ್ಪ.

"ನನ್ ಗಂಡ ಒಳಗ ಬಿದ್ದಾನಂತ್ರೀ. ಒಂದ್ ಸಲ ಮಾರಿ ತೋರಸ್ರಿ ಸಾಕು."

"ಕುಡ್ದು ಬಿದ್ದವ್ನೆ. ಇಳೀಲಿ, ಕಳಿಸ್ತೀವಿ."

"ಯಾರು?" ಅಂತ ಕೇಳಿದೆ. "ಬಸವರಾಜ" ಅಂದ ನಂಜಪ್ಪ. ಬೆಳಿಗ್ಗೆ ಆರಕ್ಕೆ ಗೇಟಿಗೆ ಬಂದಾಗಲೇ ತೂರಾಡ್ತಿದ್ದನಂತೆ. ಊದು ಅಂದ್ರೆ ನಂಜಪ್ಪನ ಬೂಟಿನ ಮೇಲೇ ವಾಂತಿ ಮಾಡಿದನಂತೆ. ಪ್ರದೀಪನಿಗೆ ಫೋನ್ ಮಾಡಿದರೆ, "ಸಿಸ್ಟರ್ ಹತ್ರ ಬೇಡ, ಇಷ್ಟು ಕ್ಲಿಯರ್ ಆಗಿದೆಯಲ್ಲ. ಒಂದು ವೀಡಿಯೊ ಮಾಡಿ ಗ್ರೂಪಿಗೆ ಹಾಕಿ, ಪ್ರೂಫ್ ಇರ್ಲಿ. ಸೈಕಲ್ ಶೆಡ್ಡಲ್ಲಿ ಮಲಗಿಸಿ" ಅಂದನಂತೆ. ವೀಡಿಯೊ ಆಗಲೇ ಸೂಪರ್‌ವೈಸರುಗಳ ಫೋನಿನಲ್ಲೆಲ್ಲ ಓಡಾಡ್ತಿತ್ತು. ನನ್ನ ಫೋನಿಗೂ ಬಂದಿತ್ತು, ತೆಗೆದು ನೋಡಿರಲಿಲ್ಲ.

ಆ ಹೆಂಗಸು ನನ್ನ ಬಿಳೀ ಕೋಟು ನೋಡಿ ಸರಳಿನ ಸಂದಿಯಿಂದ ಕೈ ಚಾಚಿ ನನ್ನ ತೋಳು ಹಿಡಿದಳು. "ನಾ ಮಹಾದೇವಿ ರೀ, ಅವ್ರ ಹೆಂಡ್ತಿ. ಅವ್ರು ಕುಡಿಯಂಗಿಲ್ರೀ, ಒಂದ್ ಹನಿ ಸೈತ ಇಲ್ಲ. ತಿಂಗಳಾತು ಮೈ ಸೊರಗ್ಲಾಕತ್ತದ. ರಾತ್ರಿ ಏಳೆಂಟ್ ಸಲ ಏಳ್ತಾರ. ಅವ್ರು ಹೋಗಿ ಬಂದ ಬಚ್ಚಲಕ ಇರುವಿ ಹತ್ತತಾವ್ರೀ. ವಠಾರದ ಮಂದಿ ದಿನಾ ಜಗಳಾ ತಗೀತಾರ, ಎಲ್ಲಾರಿಗೂ ಒಂದೇ ಬಚ್ಚಲ ನೋಡ್ರಿ."

ಇರುವೆ. ಆ ಒಂದು ಮಾತು ಸಾಕಾಯಿತು. ಬಚ್ಚಲಿಗೆ ಇರುವೆ ಮುತ್ತುತ್ತೆ ಅಂದ್ರೆ ಮೂತ್ರದಲ್ಲಿ ಸಕ್ಕರೆ ಹೋಗ್ತಿದೆ ಅಂತ. ಇದು ನಮ್ಮಜ್ಜಿಗೂ ಗೊತ್ತಿತ್ತು. ಪಾರ್ಸಲ್ ಅಲ್ಲೇ ಬಿಸಾಕಿ ಸೈಕಲ್ ಶೆಡ್ಡಿಗೆ ಓಡಿದೆ.

ಬೈಕುಗಳ ಮಧ್ಯೆ ಒಂದು ಗೋಣಿಚೀಲದ ಮೇಲೆ ಮಲಗಿಸಿದ್ದರು. ಓಡಿ ಬಂದವನ ಹಾಗೆ ಉಸಿರಾಡ್ತಿದ್ದ, ಜೋರಾಗಿ, ಆಳವಾಗಿ, ಎದೆಯೆಲ್ಲ ಮೇಲೆದ್ದು. ಮಲಗಿದವನು ಹಾಗೆ ಯಾಕೆ ಉಸಿರಾಡ್ತಾನೆ? ಮೂರು ಗಂಟೆ ಹೊತ್ತು ಅವನ ಪಕ್ಕದಲ್ಲಿ ಬೈಕು ನಿಲ್ಲಿಸಿ ಹೋದ ಅಷ್ಟೂ ಜನಕ್ಕೆ ಒಬ್ಬರಿಗಾದರೂ ಆ ಪ್ರಶ್ನೆ ಬರಬಾರದಾ? ಕುಡಿದವನು ಗೊರಕೆ ಹೊಡೀತಾನೆ, ಹೀಗೆ ಏದುಸಿರು ಬಿಡಲ್ಲ. ನಾಲಿಗೆ ಒಣಗಿ ಚರ್ಮದ ಹಾಗಾಗಿತ್ತು. ಕಣ್ಣು ಗುಳಿ ಬಿದ್ದಿತ್ತು. ನಾಡಿ ಮುಟ್ಟಿದರೆ ಓಟ. "ಬಸವರಾಜ್" ಅಂದರೆ ಕಣ್ಣು ಅರ್ಧ ತೆಗೆದು ಮತ್ತೆ ಮುಚ್ಚಿದ. ಅದೇ ವಾಸನೆ, ಹೋದ ವಾರಕ್ಕಿಂತ ಹತ್ತು ಪಟ್ಟು.

ಈಗ ಗೊತ್ತಾಯಿತು. ಮೈಯಲ್ಲಿ ಇನ್ಸುಲಿನ್ ಇಲ್ಲದಿದ್ದರೆ ಸಕ್ಕರೆ ರಕ್ತದಲ್ಲೇ ನಿಲ್ಲುತ್ತೆ, ದೇಹಕ್ಕೆ ದಕ್ಕಲ್ಲ. ಹಸಿದ ದೇಹ ತನ್ನ ಕೊಬ್ಬನ್ನೇ ಸುಡೋಕೆ ಶುರು ಮಾಡುತ್ತೆ. ಅದರಿಂದ ಹುಟ್ಟೋ ಆಮ್ಲ ರಕ್ತಕ್ಕೆಲ್ಲ ಸೇರುತ್ತೆ. ಆ ಆಮ್ಲವನ್ನ ಹೊರಗೆ ಹಾಕೋಕೆ ಮನುಷ್ಯ ಹಾಗೆ ಉಸಿರಾಡ್ತಾನೆ, ಉಸಿರಿಗೆ ಹುಳಿ ಹಣ್ಣಿನ ವಾಸನೆ ಬರುತ್ತೆ. ಹೊತ್ತು ಹೊತ್ತಿಗೆ ಕೈ ಮೀರಿ ಹೋಗುತ್ತೆ. ಇದನ್ನೆಲ್ಲ ಓದಿ ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು.

ರಸ್ತೆ ದಾಟಿದರೆ ಮೆಡಿಕಲ್ ಶಾಪು. ಗೇಟಿನ ಹತ್ರ ಓಡಿದೆ. ಅಭ್ಯಾಸಬಲ ನೋಡಿ, ನಂಜಪ್ಪ ಕೈ ಅಡ್ಡ ಹಿಡಿದು "ಔಟ್ ಪಾಸು ಸಿಸ್ಟರಮ್ಮ" ಅಂದ.

"ನಿನ್ನ ಪಾಸಿಗೆ ಬೆಂಕಿ ಹಾಕ. ಅವನು ಕುಡಿದಿಲ್ಲ ನಂಜಪ್ಪ, ಸಾಯ್ತಿದಾನೆ" ಅಂದೆ.

ಅವನ ಕೈ ತಾನಾಗೇ ಕೆಳಗೆ ಬಿತ್ತು. ಪಟ್ಟಿ ಸಮೇತ ಹೊಸ ಶುಗರ್ ಮಿಷನ್ನು ತಂದು ಬೆರಳು ಚುಚ್ಚಿ ನೋಡಿದರೆ ಅಂಕಿಯೇ ಬರಲಿಲ್ಲ, ಅಳತೆ ಮೀರಿದೆ ಅಂತ ಬರೀ ಎರಡು ಅಕ್ಷರ ತೋರಿಸ್ತು. ಡಾಕ್ಟ್ರಿಗೆ ಫೋನ್ ಹಚ್ಚಿದೆ. "ಸಲೈನ್ ಹಾಕಿ, ಜೋರಾಗಿ ಬಿಡಿ. ಇನ್ಸುಲಿನ್ ಮಾತ್ರ ಅಲ್ಲಿ ಚುಚ್ಚಬೇಡಿ, ಪೊಟ್ಯಾಶಿಯಂ ನೋಡದೆ ಕೊಟ್ರೆ ಹಾರ್ಟಿಗೇ ತೊಂದ್ರೆ. ಐಸಿಯು ಇರೋ ಕಡೆ ಓಡಿಸಿ" ಅಂದರು. ರಕ್ತನಾಳ ಕುಗ್ಗಿ ಹೋಗಿತ್ತು, ಮೂರನೇ ಸಲಕ್ಕೆ ಸೂಜಿ ಕೂತಿತು. ಆಂಬುಲೆನ್ಸ್ ಅಂತ ಕಂಪನಿ ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ಬರೆದ ಒಂದು ಜಾಗವಿತ್ತು. ಅಲ್ಲಿ ರಟ್ಟಿನ ಡಬ್ಬಗಳನ್ನ ಪೇರಿಸಿದ್ದರು, ಗಾಡಿ ಯಾವತ್ತೋ ಮಾಯ. ಹೊರಗಿನಿಂದ ಕರೆಸೋಣ ಅಂದ್ರೆ ತುಮಕೂರು ರಸ್ತೆಯ ಟ್ರಾಫಿಕ್ಕಲ್ಲಿ ಬರೋದು ಯಾವಾಗ? ಮಾಲು ಇಳಿಸೋಕೆ ಬಂದಿದ್ದ ಒಂದು ಟೆಂಪೊ ನಿಂತಿತ್ತು. ಅದರ ಹಿಂದೆ ಹತ್ತಿಸಿದ್ವಿ.

ಎತ್ತಿದ್ದು ಯಾರು ಅಂತೀರಿ? ನಂಜಪ್ಪ. ಎರಡೂ ಕೈಯಲ್ಲಿ ಎತ್ತಿ ಒಬ್ಬನೇ ಟೆಂಪೊಗೆ ಹಾಕಿದ, ಬಸವರಾಜ ಅಷ್ಟು ಹಗುರಾಗಿದ್ದ. ತಾನೂ ಹತ್ತಿದ. ದಾರಿಯುದ್ದಕ್ಕೂ ಸಲೈನ್ ಬಾಟ್ಲಿಯನ್ನ ತಲೆ ಮೇಲೆ ಎತ್ತಿ ಹಿಡ್ಕೊಂಡು ನಿಂತಿದ್ದ, ಟೆಂಪೊ ಗುಂಡಿಗೆ ಬಿದ್ದಾಗೆಲ್ಲ ಇನ್ನೊಂದು ಕೈಯಲ್ಲಿ ಸರಪಳಿ ಹಿಡ್ಕೊಂಡು. "ನಾನು ಯೆಂಡಾನೇ ಅನ್ಕಂಡೆ ಸಿಸ್ಟರಮ್ಮ. ಅಂಗೇ ಇತ್ತು ವಾಸ್ನೆ" ಅಂತ ಒಂದೇ ಸಮ ಹೇಳ್ತಿದ್ದ. ಮಹಾದೇವಿ ಗಂಡನ ತಲೆ ತೊಡೆ ಮೇಲೆ ಇಟ್ಕೊಂಡು ಕೂತಿದ್ದಳು. ನಂಜಪ್ಪನನ್ನ ಬೈಯಲಿಲ್ಲ. ನನ್ನನ್ನೂ ಬೈಯಲಿಲ್ಲ. ಆ ಮೊದಲ ಫಾರಂಗೆ ಸಹಿ ಹಾಕಿದವಳು ನಾನೇ ಅಂತ ಅವಳಿಗೆ ಗೊತ್ತಿರಲಿಲ್ಲ.

ಆಸ್ಪತ್ರೆ ಮುಟ್ಟಿದರೆ ನಮಗಿಂತ ಮುಂಚೆ ಅಲ್ಲಿಗೆ ಒಂದು ಮಾತು ಮುಟ್ಟಿತ್ತು. ಪ್ರದೀಪ ಫೋನ್ ಮಾಡಿ ಹೇಳಿದ್ದ, ನಮ್ಮ ಕಡೆಯವನೊಬ್ಬ ಕುಡಿದು ಬಿದ್ದಿದಾನೆ, ಬರ್ತಿದಾನೆ ಅಂತ. ಕೌಂಟರಿನವರು ಚೀಟಿಯ ಮೇಲೆ ಆಗಲೇ "ಮದ್ಯಪಾನ" ಅಂತ ಬರೆದಿದ್ದರು. "ಆ ಮೂಲೆ ಬೆಡ್ಡಲ್ಲಿ ಮಲಗಿಸಿ, ಡಾಕ್ಟ್ರು ಬರ್ತಾರೆ" ಅಂದರು. ಮನುಷ್ಯ ಸಾಯೋ ಸ್ಥಿತಿಯಲ್ಲಿದ್ದಾನೆ, ಅವನಿಗಿಂತ ಮುಂದೆ ಅವನ ಅಪವಾದ ಓಡ್ತಿದೆ. ನನಗೆ ತಡೆಯೋಕಾಗಲಿಲ್ಲ. ಡ್ಯೂಟಿ ಡಾಕ್ಟರ್ ಇದ್ದ ಕಡೆಗೇ ನುಗ್ಗಿ, "ಮೇಡಂ, ಆ ಚೀಟಿ ಹರಿದು ಹಾಕಿ. ಶುಗರ್ ಮಿಷನ್ನಿಗೇ ಸಿಕ್ತಿಲ್ಲ, ಉಸಿರು ನೋಡಿ, ತಿಂಗಳಿಂದ ಇರುವೆ ಮುತ್ತುತ್ತಿದೆ ಬಚ್ಚಲಿಗೆ" ಅಂದೆ. ಆ ಹುಡುಗಿ, ಹುಡುಗಿಯೇ, ನನ್ನ ಮಗಳ ವಯಸ್ಸು, ಒಂದು ಪ್ರಶ್ನೆ ಕೇಳಲಿಲ್ಲ. ಎದ್ದು ಬಂದು ಬಗ್ಗಿ ಉಸಿರು ನೋಡಿದಳು, ಹೊಟ್ಟೆ ಮುಟ್ಟಿದಳು, ಸಿಸ್ಟರುಗಳನ್ನ ಹೆಸರು ಹಿಡಿದು ಕರೆದಳು. ಅಲ್ಲಿಂದಾಚೆ ಎಲ್ಲ ಸರಸರ. ರಕ್ತ ತೆಗೆದರು, ಇನ್ನೊಂದು ಕೈಗೂ ಸಲೈನ್ ಹಾಕಿದರು, ಪೊಟ್ಯಾಶಿಯಂ ನೋಡಿ ಆಮೇಲೆ ಇನ್ಸುಲಿನ್ ಶುರು ಮಾಡಿದರು. "ಇನ್ನು ಸ್ವಲ್ಪ ಹೊತ್ತು ಆ ಶೆಡ್ಡಲ್ಲೇ ಬಿಟ್ಟಿದ್ರೆ ನಾನೇನೂ ಮಾಡೋಕಾಗ್ತಿರ್ಲಿಲ್ಲ" ಅಂದಳು.

ಐದನೇ ದಿನಕ್ಕೆ ಅವನು ಎದ್ದು ಕೂತ. ಬದುಕಿದ.

ಇಲ್ಲಿಗೆ ಕತೆ ಮುಗಿಯಿತು ಅಂತ ನೀವು ಅಂದುಕೊಂಡರೆ ನಿಮಗೆ ಫ್ಯಾಕ್ಟರಿ ಗೊತ್ತಿಲ್ಲ. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು. ಮೂರು ಸಲ ಚೀಟಿ ಬರೆದರೂ ಬಾರದ ಶುಗರ್ ಪಟ್ಟಿ ಮಾರನೇ ವಾರವೇ ಬಂತು. ಊದೋ ಮಿಷನ್ನೂ ಹೊಸದು ಬಂತು. ಡ್ರಮ್ಮಿನ ಪಕ್ಕ "ಸಕ್ಕರೆ ಕಾಯಿಲೆ: ಎಚ್ಚರ" ಅಂತ ಒಂದು ಪೋಸ್ಟರು ಅಂಟಿಸಿದರು, ಅದರ ಮುಂದೆಯೂ ಸಾಹೇಬರು ಫೋಟೋ ತೆಗೆಸಿಕೊಂಡರು. ಬಸವರಾಜನ ಹೆಸರು ಮಾತ್ರ ಕಾಂಟ್ರಾಕ್ಟರ್ ಪಟ್ಟಿಯಲ್ಲಿ ಇರಲಿಲ್ಲ. ಎರಡು ಸಲ ಕುಡಿದು ಬಂದವನು, ಒಂದಕ್ಕೆ ಸಿಸ್ಟರ್ ಸಹಿ, ಇನ್ನೊಂದಕ್ಕೆ ವೀಡಿಯೊ.

ನಾನು ಪ್ರದೀಪನ ರೂಮಿಗೆ ಹೋದೆ. ಆಸ್ಪತ್ರೆಯ ಕಾಗದ ಅವನ ಮುಂದೆ ಇಟ್ಟೆ. ರಕ್ತದಲ್ಲಿ ಮದ್ಯ ಒಂದು ಚೂರೂ ಇಲ್ಲ ಅಂತ ಅದರಲ್ಲೇ ಇತ್ತು.

"ಅದು ಎರಡನೇ ಸಲದ್ದು ಸಿಸ್ಟರ್. ಮೊದಲನೇದಕ್ಕೆ ನೀವೇ ಸೈನ್ ಮಾಡಿದೀರಲ್ಲ."

"ನಾನು ಮಾಡಿದ್ದು ತಪ್ಪು. ಬರ್ಕೊಡ್ತೀನಿ."

ಬರೆದೆ. ಆ ದಿನ ನಾನು ಮೂಸಿದ್ದು ಮದ್ಯದ ವಾಸನೆಯಲ್ಲ, ಕಾಯಿಲೆಯ ವಾಸನೆ, ನನಗೆ ಗುರುತಿಸೋಕೆ ಆಗಲಿಲ್ಲ, ಆ ಸಹಿಯನ್ನ ವಾಪಸ್ ತಗೋತೀನಿ ಅಂತ. ಪ್ರದೀಪ ಓದಿ, ಬೆರಳ ತುದಿಯಿಂದ ಅದನ್ನ ನನ್ನ ಕಡೆಗೇ ತಳ್ಳಿದ. "ಇದು ಬೇಡ ಸಿಸ್ಟರ್. ಇದನ್ನ ಫೈಲಲ್ಲಿ ಇಟ್ರೆ ಲೀಗಲ್ ಆಗುತ್ತೆ. ನಿಮ್ಮ ಲೈಸೆನ್ಸಿಗೂ ತೊಂದ್ರೆ. ಬದುಕಿದಾನಲ್ಲ, ಬಿಟ್ಬಿಡಿ. ಪೀಣ್ಯದಲ್ಲಿ ಕೆಲಸಕ್ಕೇನು ಬರ." ಬದುಕಿದಾನಲ್ಲ, ಅಂತೆ. ಮಾಡಿದ್ದೆಲ್ಲಕ್ಕೂ ಅದೊಂದು ರಸೀತಿ ಅವನಿಗೆ. ಕೋತಿ ತಾನು ಮೊಸರನ್ನ ತಿಂದು ಮೇಕೆ ಮೂತಿಗೆ ಒರೆಸ್ತಂತೆ. ಒರೆಸಿದ್ದು ಮಾತ್ರ ನನ್ನ ಕೈಯಿಂದ.

ಮೇ ಕೊನೆಗೆ, ಮೊದಲ ಮಳೆ ಬಿದ್ದು ಗೇಟಿನ ಮುಂದೆ ಕೆಸರಾಗಿದ್ದ ಒಂದು ಬೆಳಿಗ್ಗೆ, ಗಂಡ ಹೆಂಡತಿ ಇಬ್ಬರೂ ಬಂದರು. ಒಳಗೆ ಬಿಡಲಿಲ್ಲ, ನಾನೇ ಹೊರಗೆ ಹೋದೆ. ಬಸವರಾಜನ ಕೆನ್ನೆ ಸ್ವಲ್ಪ ತುಂಬಿಕೊಂಡಿತ್ತು. ಹಣೆ ಮೇಲೆ ವಿಭೂತಿ ಹಾಗೇ ಇತ್ತು. ಇನ್ಸುಲಿನ್ ಎಲ್ಲಿ ಇಡ್ತೀರಿ, ಫ್ರಿಜ್ ಇಲ್ಲವಲ್ಲ ಅಂತ ಕೇಳಿದೆ.

"ಎರಡು ಮಡಿಕಿ ತಂದೀನ್ರಿ" ಅಂದಳು ಮಹಾದೇವಿ. "ದೊಡ್ಡದ್ರಾಗ ಹಸೀ ಉಸುಕು, ಅದ್ರಾಗ ಸಣ್ಣ ಮಡಿಕಿ, ಅದ್ರಾಗ ಔಷಧ. ತಣ್ಣಗ ಇರ್ತದ." ಆಸ್ಪತ್ರೆಯ ಹುಡುಗಿ ಡಾಕ್ಟರು ಹೇಳಿಕೊಟ್ಟಿದ್ದಂತೆ. ಹೊತ್ತಿಗೆ ಸರಿಯಾಗಿ ಚುಚ್ಚೋದು, ಊಟ ತಪ್ಪಿಸದೇ ಇರೋದು, ಕೈ ನಡುಗಿ ಬೆವರಿದರೆ ಬಾಯಿಗೆ ಸಕ್ಕರೆ ಹಾಕೋದು, ಎಲ್ಲ ಬೆರಳು ಮಡಚಿ ಒಪ್ಪಿಸಿದಳು. ಕಾಯಿಲೆಯನ್ನ ಅವಳು ನನಗಿಂತ ಚೆನ್ನಾಗಿ ಕಲಿತಿದ್ದಳು.

ನಾನು ಬರೆದಿಟ್ಟಿದ್ದ ಕಾಗದವನ್ನ ಬಸವರಾಜನ ಕೈಗೆ ಕೊಟ್ಟೆ. "ಕಂಪನಿ ತಗೊಳ್ಳಲಿಲ್ಲ. ಇದು ನಿನ್ನ ಹತ್ರ ಇರ್ಲಿ. ಬೇರೆ ಕಡೆ ಯಾರಾದ್ರೂ ಕೇಳಿದ್ರೆ ತೋರಿಸು, ನನ್ನ ಕರೀಲಿ, ಬಂದು ಹೇಳ್ತೀನಿ" ಅಂದೆ. ಅವನು ನಿಂತಲ್ಲೇ ಪೂರ್ತಿ ಓದಿದ. ಎರಡು ಸಲ ಓದಿದ. ಆಮೇಲೆ ಅದರಲ್ಲಿದ್ದದ್ದನ್ನ ಹೆಂಡತಿಗೆ ಹೇಳಿದ.

"ಮೊದಲನೇ ಫಾರಂಗೆ ಸಹಿ ಹಾಕಿದವ್ರು ನೀವೇನ್ರಿ?"

ಮಹಾದೇವಿ ನನ್ನ ಮುಖ ನೋಡಿ ಕೇಳಿದಳು. "ಹೌದು ಕಣಮ್ಮ, ನಾನೇ" ಅಂದೆ.

ಅವನು ಕಾಗದವನ್ನ ನಾಲ್ಕು ಮಡಿಕೆ ಮಾಡಿ ಆಸ್ಪತ್ರೆಯ ಫೈಲಿನೊಳಗೆ ಇಟ್ಟ. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಎಷ್ಟೋ ಹಗುರಾಗ್ತಿತ್ತು.

"ವಾಸನಿ ಬಂದಿದ್ದು ಖರೇ ಅದ ರೀ, ನಿಮ್ದು ಪೂರಾ ತಪ್ಪಲ್ಲ" ಅಂದ. "ಆದ್ರ ನನ್ ಬಾಯಿ ಮೂಸಿದ್ರಿ. ಅದೇ ಬಾಯಿಲೆ ಹೇಳಿದ್ನಲ್ರೀ ನಿಮಗ, ಕುಡದಿಲ್ಲಂತ. ಎರಡ್ ಸಲ ಹೇಳಿದ್ನಿ."

ಅಷ್ಟು ಹೇಳಿ ಹೆಂಡತಿ ಜೊತೆ ಕೆಸರು ದಾಟಿಕೊಂಡು ಬಸ್ ಸ್ಟಾಪಿನ ಕಡೆ ಹೋದ. ಅವತ್ತು ಸೋಮವಾರ. ನನ್ನ ಹಿಂದೆ ಗೇಟಿನಲ್ಲಿ ತಡವಾಗಿ ಬಂದವರು ಸಾಲಾಗಿ ನಿಂತು ಹೊಸ ಮಿಷನ್ನಿಗೆ ಊದ್ತಿದ್ದರು.